ಸುತ್ತಿಗೆಯ ಏಟು ಎಲ್ಲಿಗೆ ಹೋಗುತ್ತದೆ?

ಬಳ್ಳಾರಿ ಸೀಮೆಯ ಕೊಳಗಲ್ಲಿನಲ್ಲಿ ಕ್ರಿ.ಶ. 967ರ ಒಂದು ಶಾಸನವಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತೀರಿಕೊಂಡು ಖೊಟ್ಟಿಗ ಪಟ್ಟಕ್ಕೆ ಬಂದ ಸಂಗತಿಯನ್ನು ತಿಳಿಸುವ ಶಾಸನ ಎಂದು ಚರಿತ್ರೆ ಓದಿದವರಿಗೆ ಅದು ಪರಿಚಿತ. ಅದರಲ್ಲಿ ಏನು ಬರೆದಿದೆ ಎಂಬುದನ್ನು ವಿದ್ವಾಂಸರು ಬಿಡಿಸಿ ಹೇಳಿದ್ದಾರೆ. ಅದನ್ನು ಹೇಗೆ ಬರೆದರು ಎಂಬ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ. ಕಲ್ಲಿನ ಮೇಲೆ ಉಳಿಯ ಮೊನೆ ಇಟ್ಟು ಮೈಭಾರವನ್ನೆಲ್ಲ ಹಾಕಿ ಒತ್ತಿ ನೋಡಿ, ಗೀರು ಬಿದ್ದರೆ ಹೆಚ್ಚು. ಅದೇ ಉಳಿಯ ತಲೆಗೆ ಒಂದು ಕಿಲೋ ಸುತ್ತಿಗೆಯಿಂದ ಸಲೀಸಾಗಿ ಒಂದೇಟು ಹಾಕಿ, ಚಕ್ಕೆ ಏಳುತ್ತದೆ. ಎರಡೂ ಸಲ ದುಡಿದದ್ದು ಅದೇ ತೋಳು. ಮೊದಲನೆಯದರಲ್ಲಿ ಆಗದ ಕೆಲಸ ಎರಡನೆಯದರಲ್ಲಿ ಹೇಗಾಯಿತು? ಕೈಯಲ್ಲಿ ಹಿಡಿದು ದುಡಿಯುವ ಬಹುಪಾಲು ಹತ್ಯಾರಗಳ ಗುಟ್ಟು ಈ ಪ್ರಶ್ನೆಯಲ್ಲಿದೆ.

ಲೆಕ್ಕ ಹಾಕೋಣ. ಸುತ್ತಿಗೆಯನ್ನು ಹಿಂದಕ್ಕೆ ಎತ್ತಿ ಬೀಸಿದಾಗ ಅದು ಸುಮಾರು 80 ಸೆಂಟಿಮೀಟರ್ ದೂರ ಓಡಿ ಬರುತ್ತದೆ. ಆ ದೂರದುದ್ದಕ್ಕೂ ತೋಳು ಅದನ್ನು ನಾಲ್ಕು ಕಿಲೋ ಭಾರ ಎತ್ತುವಷ್ಟು ಬಲದಿಂದ, ಅಂದರೆ 40 ನ್ಯೂಟನ್‌ನಿಂದ ತಳ್ಳುತ್ತದೆ ಎಂದುಕೊಳ್ಳಿ. ಬಲವನ್ನು ದೂರದಿಂದ ಗುಣಿಸಿದರೆ ಶಕ್ತಿ: 32 ಜೂಲ್. ಒಂದು ಕಿಲೋ ಸುತ್ತಿಗೆಗೆ ಇದು ಸೆಕೆಂಡಿಗೆ 8 ಮೀಟರ್ ವೇಗ ಕೊಡುತ್ತದೆ. ಈಗ ಏಟು ಬೀಳುತ್ತದೆ, ಸುತ್ತಿಗೆ ನಿಲ್ಲುತ್ತದೆ. ಆದರೆ ನಿಲ್ಲುವುದಕ್ಕೆ ಅದಕ್ಕೆ ಸಿಗುವ ಜಾಗ ಎರಡು ಮಿಲಿಮೀಟರ್ ಮಾತ್ರ. 80 ಸೆಂಟಿಮೀಟರಿನಲ್ಲಿ ಗಳಿಸಿದ್ದನ್ನು ಎರಡು ಮಿಲಿಮೀಟರಿನಲ್ಲಿ ಕೊಟ್ಟು ಮುಗಿಸಬೇಕು. ದೂರ 400 ಪಟ್ಟು ಕುಗ್ಗಿತು, ಹಾಗಾಗಿ ಬಲ 400 ಪಟ್ಟು ಹಿಗ್ಗಬೇಕು. ನಾಲ್ಕು ಕಿಲೋ ಭಾರದ ಬಲ 1,600 ಕಿಲೋ ಭಾರದ ಬಲವಾಯಿತು. ದಿನಾ ಒಂದಿಷ್ಟು ಕೂಡಿಟ್ಟ ದುಡ್ಡನ್ನು ಸಂತೆಯ ದಿನ ಒಂದೇ ಸಲ ಬಿಚ್ಚಿದ ಹಾಗೆ. ಸುತ್ತಿಗೆ ಹೊಸದಾಗಿ ಶಕ್ತಿಯನ್ನೇನೂ ಹುಟ್ಟಿಸಲಿಲ್ಲ. ತೋಳು ಕೊಟ್ಟದ್ದನ್ನೇ ಬೇರೆ ಅಳತೆಯಲ್ಲಿ ಕಲ್ಲಿಗೆ ದಾಟಿಸಿತು.

ಹೊಸದಾಗಿ ಸುತ್ತಿಗೆ ಹಿಡಿದವರು ಏಟು ಬೀಳುವ ಕ್ಷಣಕ್ಕೆ ಹಿಡಿ ಬಿಗಿಮಾಡಿ, ಹಲ್ಲು ಕಚ್ಚಿ ಒತ್ತುತ್ತಾರೆ. ಅದರಿಂದ ಸಿಗುವ ಲಾಭವೆಷ್ಟು ನೋಡಿ. ಕೈ 20 ಕಿಲೋ ಭಾರದಷ್ಟು ಬಲ ಹಾಕಿದರೂ ಎರಡು ಮಿಲಿಮೀಟರ್ ದೂರದಲ್ಲಿ ಸೇರುವ ಶಕ್ತಿ 0.4 ಜೂಲ್. 32ರ ಮುಂದೆ ಅದು ಏನೂ ಅಲ್ಲ. ಏಟು ಮುಗಿಯುವುದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿ. ಅಷ್ಟರಲ್ಲಿ ಸುತ್ತಿಗೆಯ ತಲೆಗೂ ನಿಮ್ಮ ಕೈಗೂ ಸಂಬಂಧವೇ ಇಲ್ಲವೆನ್ನಬಹುದು. ಕೈಯ ಕೆಲಸವೆಲ್ಲ ಬೀಸುವಾಗಲೇ ಮುಗಿದಿರುತ್ತದೆ. ಪಳಗಿದ ಕಲ್ಲುಕುಟಿಗರು ಕೊನೆಯಲ್ಲಿ ಹಿಡಿಯನ್ನು ಸಡಿಲ ಬಿಡುವುದು ಇದಕ್ಕೇ. ಬಿಗಿ ಹಿಡಿದರೆ ಕಲ್ಲಿಗೆ ಹೆಚ್ಚೇನೂ ಹೋಗುವುದಿಲ್ಲ, ಮಣಿಕಟ್ಟಿಗೆ ಮಾತ್ರ ವಾಪಸ್ಸು ಬರುತ್ತದೆ.

ಹಾಗಾದರೆ ದೊಡ್ಡ ಸುತ್ತಿಗೆ ಒಳ್ಳೆಯದೋ, ಜೋರಾಗಿ ಬೀಸುವುದು ಒಳ್ಳೆಯದೋ? ಪಿಯುಸಿ ಪುಸ್ತಕದ ಸೂತ್ರ ಎಲ್ಲರಿಗೂ ನೆನಪಿದೆ: ತೂಕ ಎರಡು ಪಟ್ಟಾದರೆ ಶಕ್ತಿ ಎರಡು ಪಟ್ಟು, ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಅದನ್ನು ಕೇಳಿ ಸುತ್ತಿಗೆ ಹಗುರ ಮಾಡಿ ಬಿರುಸಾಗಿ ಬೀಸಲು ಹೊರಟರೆ ಇನ್ನೊಂದು ಅಡ್ಡಿ ಎದುರಾಗುತ್ತದೆ. ತೋಳಿಗೂ ತೂಕವಿದೆ. ಮುಂಗೈ, ಮೇಲ್ತೋಳು ಎಲ್ಲ ಸೇರಿ ಮೂರು ನಾಲ್ಕು ಕಿಲೋ. ಕಾಲು ಕಿಲೋ ಸುತ್ತಿಗೆ ಬೀಸಿದಾಗ ಸ್ನಾಯುಗಳು ಸುರಿದ ಶಕ್ತಿಯ ಬಹುಪಾಲು ತೋಳನ್ನೇ ಓಡಿಸುವುದಕ್ಕೂ ಆಮೇಲೆ ತಡೆದು ನಿಲ್ಲಿಸುವುದಕ್ಕೂ ಖರ್ಚಾಗುತ್ತದೆ. ಐದು ಕಿಲೋ ಸಮ್ಮಟಿಗೆಯಾದರೆ ವೇಗವೇ ಹುಟ್ಟುವುದಿಲ್ಲ, ಎತ್ತಿ ಇಳಿಸುವುದರಲ್ಲೇ ಬೆನ್ನು ಸೋಲುತ್ತದೆ. ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಸುತ್ತಿಗೆ ಹಿಡಿದು ದಿನವಿಡೀ ಕೆತ್ತುವವರು ಒಂದು ಒಂದೂವರೆ ಕಿಲೋ ಆಚೀಚೆಗೆ ಬಂದು ನಿಲ್ಲುವುದಕ್ಕೆ ಇದು ಕಾರಣ. ಹಿಡಿ ಉದ್ದ ಮಾಡಿದರೂ ಹೀಗೆಯೇ. ತಲೆಯ ವೇಗ ಹೆಚ್ಚುತ್ತದೆ ನಿಜ, ಆದರೆ ಆ ವೇಗದ ಬೆಲೆಯನ್ನು ತೋಳೇ ತೆರಬೇಕು. ಗುರಿಯೂ ತಪ್ಪುತ್ತದೆ.

ಮನುಷ್ಯನ ತೋಳಿನ ಆದಾಯ ಬಹಳ ಸಣ್ಣದು ಎಂಬುದನ್ನು ಮರೆಯಬಾರದು. ಗಟ್ಟಿಮುಟ್ಟಾದ ಆಳು ದಿನವಿಡೀ ದುಡಿದರೆ ಸರಾಸರಿ 75 ವಾಟ್ ಕೊಟ್ಟಾನು. ಅದರಲ್ಲಿಯೂ ನಿಮಿಷಕ್ಕೆ 30 ಏಟಿನಂತೆ 32 ಜೂಲ್ ಉಳಿಗೆ ಮುಟ್ಟಿಸಿದರೆ ಆದದ್ದು 16 ವಾಟ್, ಒಂದು ಎಲ್‌ಇಡಿ ಬಲ್ಬಿನಷ್ಟು. ಹೊಟ್ಟೆಗೆ ಹೋದ ರೊಟ್ಟಿಯ ಶಕ್ತಿಯಲ್ಲಿ ನಾಲ್ಕನೇ ಒಂದು ಪಾಲು ಸ್ನಾಯುವಿನ ಕೆಲಸವಾದರೆ ಹೆಚ್ಚು, ಉಳಿದದ್ದು ಮೈಬಿಸಿ, ಬೆವರು. ಇಷ್ಟು ಕಷ್ಟಪಟ್ಟು ಗಳಿಸಿದ್ದನ್ನು ದಾರಿಯಲ್ಲಿ ಸೋರಿಹೋಗಲು ಬಿಡಬಾರದು. ಇನ್ನೂ ಭಾರದ ಸುತ್ತಿಗೆ ಕೊಳ್ಳುವ ಮೊದಲು, ಈಗ ಇರುವ ಹತ್ಯಾರ ಎಲ್ಲೆಲ್ಲಿ ಸೋರುತ್ತಿದೆ ಎಂದು ನೋಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ದೊಡ್ಡ ಸೋರಿಕೆ ಇರುವುದು ಉಳಿಯ ಮೊನೆಯಲ್ಲಿ. ಗ್ರಾನೈಟನ್ನು ಅದುಮಿ ಪುಡಿಮಾಡಲು ಚದರ ಮಿಲಿಮೀಟರಿಗೆ ಸುಮಾರು 15ರಿಂದ 20 ಕಿಲೋ ಭಾರ ಬೇಕು. ಸುತ್ತಲಿನ ಕಲ್ಲು ಬಿಗಿಯಾಗಿ ಹಿಡಿದುಕೊಂಡಿರುವ ಕಡೆ ಮೊನೆ ಒಳಗಿಳಿಯಬೇಕಾದರೆ ಅದರ ಹಲವು ಪಟ್ಟು. ನಮ್ಮ 1,600 ಕಿಲೋ ಬಲ 3 ಮಿಲಿಮೀಟರ್ ಚೌಕದ ಹರಿತವಾದ ಮೊನೆಯ ಮೇಲೆ ಬಿದ್ದರೆ ಚದರ ಮಿಲಿಮೀಟರಿಗೆ 178 ಕಿಲೋ ಆಯಿತು. ಕಲ್ಲು ಸೋಲುತ್ತದೆ. ಅದೇ ಮೊನೆ ಸವೆದು ಒಂದು ಸೆಂಟಿಮೀಟರ್ ಚೌಕದಷ್ಟು ಮೊಂಡಾಗಿದ್ದರೆ? 16 ಕಿಲೋ. ಕಲ್ಲಿನ ಮೇಲೆ ಬಿಳಿ ಕಲೆ ಬೀಳುತ್ತದೆ, ಉಳಿ ಪುಟಿಯುತ್ತದೆ, ಏಟು ಬಂದ ದಾರಿಯಲ್ಲೇ ಮರಳುತ್ತದೆ. ಸುತ್ತಿಗೆ ಅದೇ, ತೋಳು ಅದೇ, ಬೆವರೂ ಅದೇ. ಕಲ್ಲು ಕೆಲಸದವರು ದಿನಕ್ಕೆ ಹಲವು ಉಳಿ ಬದಲಾಯಿಸುವುದನ್ನು, ಕಮ್ಮಾರನ ಕುಲುಮೆ ಕ್ವಾರಿಯ ಪಕ್ಕದಲ್ಲೇ ಇರುವುದನ್ನು ಕಂಡಿದ್ದರೆ ಕಾರಣ ಇದು. ಮೊನೆ ಕಾಯಿಸಿ ಬಡಿದು ಹದ ಹಾಕಿಸಲು ಕಳೆದ ಹೊತ್ತು ದಂಡವಲ್ಲ.

ಉಳಿಯ ಒಳಗೆ ಏನಾಗುತ್ತದೆ ಎನ್ನುವುದು ಇನ್ನೂ ಸ್ವಾರಸ್ಯದ ವಿಷಯ. ಉಳಿ ಒಂದು ಗಟ್ಟಿ ಕಡ್ಡಿ, ತಲೆಗೆ ಹೊಡೆದರೆ ಮೊನೆಯೂ ಅದೇ ಕ್ಷಣ ಕದಲುತ್ತದೆ ಎಂದು ನಾವು ಭಾವಿಸುತ್ತೇವೆ. ಹಾಗಿಲ್ಲ. ಏಟು ಒಂದು ಅಲೆಯಾಗಿ ಉಕ್ಕಿನೊಳಗೆ ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. 25 ಸೆಂಟಿಮೀಟರ್ ಉಳಿಯಲ್ಲಿ ತಲೆಯಿಂದ ಮೊನೆಗೆ ತಲುಪಲು ಸೆಕೆಂಡಿನ 20,000ದಲ್ಲಿ ಒಂದು ಪಾಲು ಹೊತ್ತು ಬೇಕು. ಅಲ್ಲಿಯವರೆಗೆ ಮೊನೆಗೆ ಏಟು ಬಿದ್ದ ಸುದ್ದಿಯೇ ಇರುವುದಿಲ್ಲ. ಅಲೆ ಮೊನೆಗೆ ಬಂದಾಗ ಅಲ್ಲಿ ಕಲ್ಲು ಆತುಕೊಂಡಿದ್ದರೆ ಒಂದು ಪಾಲು ಕಲ್ಲಿಗೆ ಇಳಿಯುತ್ತದೆ, ಉಳಿದದ್ದು ಹಿಂದಿರುಗಿ, ಮತ್ತೆ ತಲೆಯಿಂದ ಮರಳಿ, ಹೀಗೆ ಒಂದೇ ಏಟಿನೊಳಗೆ ಹಲವು ಸಲ ಓಡಾಡುತ್ತಾ ಕಂತು ಕಂತಾಗಿ ಕಲ್ಲಿಗೆ ಸಲ್ಲುತ್ತದೆ. ಮೊನೆಗೂ ಕಲ್ಲಿಗೂ ನಡುವೆ ಕೂದಲೆಳೆಯಷ್ಟು ಸಂದಿದ್ದರೂ ಅಲೆ ಬಯಲಿಗೆ ಬಂದಂತಾಗಿ, ಅದುಮುವ ಅಲೆ ಎಳೆಯುವ ಅಲೆಯಾಗಿ ತಿರುಗಿ ಉಳಿ ಜಿಗಿಯುತ್ತದೆ. ಉಳಿಯನ್ನು ಸಡಿಲವಾಗಿ ಹಿಡಿ, ಆದರೆ ಮೊನೆಯನ್ನು ಕಲ್ಲಿಗೆ ತಾಗಿಸಿಯೇ ಇಡು ಎಂದು ಕಲಿಯುವವರಿಗೆ ಹೇಳುವುದರ ಹಿಂದೆ ಈ ಲೆಕ್ಕವಿದೆ. ಯಂತ್ರದ ಡ್ರಿಲ್ಲಿಗೂ ಇದೇ ನಿಯಮ. ಒತ್ತಿ ಹಿಡಿಯದಿದ್ದರೆ ಅದು ಸದ್ದು ಮಾಡುತ್ತದೆ, ತೂತು ಮಾಡುವುದಿಲ್ಲ.

ಉಳಿಯ ತಲೆ ಬಡಿಸಿಕೊಂಡು ಬಡಿಸಿಕೊಂಡು ಅಣಬೆಯಂತೆ ಅರಳುತ್ತದೆ. ಅರಳಿದ ಅಂಚು ಮೆತ್ತಗಿದ್ದು ಏಟನ್ನು ತಾನೇ ನುಂಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಅಂಚಿನಿಂದ ಸಿಡಿಯುವ ಚೂರು ಗುಂಡಿನ ಹಾಗೆ ಹಾರುತ್ತದೆ. ಅದನ್ನು ಆಗಾಗ ಉಜ್ಜಿ ತೆಗೆಯಬೇಕು. ತಲೆಗೆ ಹದ ಕೊಡದೆ ಮೆತ್ತಗೇ ಬಿಡುವುದು ಬೇಕೆಂದೇ ಮಾಡಿದ ಏರ್ಪಾಡು. ಮೊನೆ ಮಾತ್ರ ಗಟ್ಟಿ. ಕಮ್ಮಾರ ಮೊನೆಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಅದು ಗಾಜಿನಂತೆ ಗಡುಸಾಗುತ್ತದೆ, ಆದರೆ ಪೆಡಸು. ಮತ್ತೆ ಮಂದ ಶಾಖ ಕೊಟ್ಟಾಗ ಉಜ್ಜಿದ ಉಕ್ಕಿನ ಮೇಲೆ ಬಣ್ಣಗಳು ಓಡುತ್ತವೆ: 230 ಡಿಗ್ರಿ ಸೆಲ್ಸಿಯಸ್ ಹತ್ತಿರ ಒಣಹುಲ್ಲಿನ ಹಳದಿ, 280ರ ಹತ್ತಿರ ನೇರಳೆ, 300 ದಾಟುವಾಗ ನೀಲಿ. ಥರ್ಮಾಮೀಟರ್ ಇಲ್ಲದೆ ಬಣ್ಣ ನೋಡಿಯೇ ಸರಿಯಾದ ಗಳಿಗೆಗೆ ತಣಿಸುವ ಕಣ್ಣು ದೊಡ್ಡ ವಿದ್ಯೆ. ಗಡುಸಾದ ಎರಡು ಉಕ್ಕಿನ ಮುಖಗಳನ್ನು, ಅಂದರೆ ಸುತ್ತಿಗೆಯ ಮೇಲೆ ಸುತ್ತಿಗೆಯನ್ನು ಎಂದೂ ಹೊಡೆಯಬಾರದು. ಎರಡರಲ್ಲಿ ಒಂದೂ ಮಣಿಯದಿದ್ದರೆ ಒಡೆಯುವುದೊಂದೇ ದಾರಿ.

ಕೆಲಸದ ವಸ್ತುವಿನ ಅಡಿಗೆ ಏನಿದೆ ಎಂಬುದೂ ಏಟಿನ ಲೆಕ್ಕಕ್ಕೆ ಸೇರುತ್ತದೆ. ಕಮ್ಮಾರನ ಅಡಿಗಲ್ಲು 50 ಕಿಲೋ ಇದ್ದು ಸುತ್ತಿಗೆ ಒಂದು ಕಿಲೋ ಇದ್ದರೆ, ಏಟಿನ ಶಕ್ತಿಯಲ್ಲಿ ನೂರಕ್ಕೆ 98 ಪಾಲು ನಡುವೆ ಇರುವ ಕಾದ ಕಬ್ಬಿಣವನ್ನು ಹಿಗ್ಗಿಸುವುದಕ್ಕೆ ಸಿಗುತ್ತದೆ, ಎರಡು ಪಾಲು ಮಾತ್ರ ಅಡಿಗಲ್ಲನ್ನು ಕದಲಿಸಲು ಹೋಗುತ್ತದೆ. ಬಡಗಿಯ ಮೊಳೆಗೆ ಇದರ ತಿರುವುಮುರುವು. ಅಲ್ಲಿ ಮೊಳೆ ಬಾಗಬಾರದು, ಒಳಗೆ ಓಡಬೇಕು. ಐದು ಗ್ರಾಂ ಮೊಳೆಗೆ ಅರ್ಧ ಕಿಲೋ ಸುತ್ತಿಗೆ ಬಿದ್ದರೆ 99 ಪಾಲು ಶಕ್ತಿ ಮೊಳೆ, ಸುತ್ತಿಗೆ ಎರಡೂ ಕೂಡಿ ಮುಂದೆ ಸರಿಯುವುದಕ್ಕೆ ಉಳಿಯುತ್ತದೆ. ಆಕಾರ ಬದಲಿಸಬೇಕಾದರೆ ಅಡಿ ಭಾರವಾಗಿರಬೇಕು, ಒಳಗೆ ಹೊಗಿಸಬೇಕಾದರೆ ಸುತ್ತಿಗೆ ಭಾರವಾಗಿರಬೇಕು. ಎರಡು ಕಿಲೋ ಕಲ್ಲನ್ನು ಸಡಿಲ ಮಣ್ಣಿನ ಮೇಲಿಟ್ಟು ಒಂದು ಕಿಲೋ ಸುತ್ತಿಗೆಯಿಂದ ಹೊಡೆದರೆ ಮೂರನೇ ಒಂದು ಪಾಲು ಕಲ್ಲನ್ನು ಮಣ್ಣಿಗೆ ತುಳಿಯುವುದರಲ್ಲೇ ಮುಗಿಯುತ್ತದೆ. ಕೆಳಗೆ ಚಪ್ಪಡಿ ಹಾಸಿಕೊಂಡರೆ ಆ ಪಾಲು ಉಳಿಯುತ್ತದೆ.

ಕಣ್ಣಿಗೆ ಕಾಣದ ಪಾಲು ಶಾಖ. ಹತ್ತು ಗ್ರಾಂ ತೂಕದ ಮೊಳೆಯೊಂದನ್ನು ಅಡಿಗಲ್ಲಿನ ಮೇಲಿಟ್ಟು ಚಪ್ಪಟೆಯಾಗುವ ಹಾಗೆ ಬೇಗ ಬೇಗ ಇಪ್ಪತ್ತು ಏಟು ಹಾಕಿ. 640 ಜೂಲ್ ಹೋಯಿತು. ಅದರಲ್ಲಿ ಅರ್ಧದಷ್ಟೇ ಮೊಳೆಯಲ್ಲಿ ನಿಂತರೂ ಅದರ ಶಾಖ 70 ಡಿಗ್ರಿ ಏರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ಕೈ ಚುರುಕಾದ ಕಮ್ಮಾರ ತಣ್ಣನೆಯ ಸಣ್ಣ ಸರಳಿನ ತುದಿಯನ್ನು ಬಿಡದೆ ಬಡಿದು, ಬೆಂಕಿಯಿಲ್ಲದೆ ಕೆಂಪಗೆ ಮಾಡಬಲ್ಲ. ಸದ್ದು ಎಷ್ಟೇ ದೊಡ್ಡದಾಗಿ ಕೇಳಿದರೂ ಅದಕ್ಕೆ ಹೋಗುವ ಶಕ್ತಿ ಬಹಳ ಕಡಿಮೆ. ನಮ್ಮ ಕಿವಿ ಅಷ್ಟು ಸೂಕ್ಷ್ಮ, ಅಷ್ಟೆ.

ಇಷ್ಟೆಲ್ಲ ಉಳಿಸಿ ತಂದ ಶಕ್ತಿಯನ್ನು ಕಲ್ಲಿನಲ್ಲಿ ಎಲ್ಲಿ ಖರ್ಚು ಮಾಡಬೇಕು ಎನ್ನುವಲ್ಲಿ ನಿಜವಾದ ಜಾಣ್ಮೆ ಇದೆ. ಗ್ರಾನೈಟ್ ಅದುಮಿದರೆ ಗಟ್ಟಿ, ಎಳೆದರೆ ದುರ್ಬಲ. ಅದುಮುವಾಗ ತಡೆಯುವ ಬಲದ ಹತ್ತನೇ ಒಂದು ಪಾಲು, ಕೆಲವು ಕಲ್ಲುಗಳಲ್ಲಿ ಇಪ್ಪತ್ತನೇ ಒಂದು ಪಾಲು ಎಳೆತಕ್ಕೇ ಅದು ಬಿಟ್ಟುಕೊಡುತ್ತದೆ. ಹರಳುಗಳ ನಡುವೆ ಮೊದಲೇ ಇರುವ ಸಣ್ಣ ಬಿರುಕುಗಳನ್ನು ಅದುಮಿದರೆ ಬಾಯಿ ಮುಚ್ಚುತ್ತವೆ, ಎಳೆದರೆ ತೆರೆಯುತ್ತವೆ. ಉಳಿಯನ್ನು ನೆಟ್ಟಗೆ ನಿಲ್ಲಿಸಿ ಹೊಡೆದರೆ ಕಲ್ಲು ಹುಡಿಯಾಗುತ್ತದೆ ಮಾತ್ರ. ಓರೆಯಾಗಿ, ಕಲ್ಲಿನ ಬಯಲು ಅಂಚಿನ ಕಡೆಗೆ ಮುಖ ಮಾಡಿ ಹೊಡೆದರೆ ಮೊನೆಯ ಮುಂದಿನ ಕಲ್ಲು ಹೊರಗೆ ಬಾಗಲು ನೋಡುತ್ತದೆ, ಬುಡದಲ್ಲಿ ಎಳೆತ ಹುಟ್ಟುತ್ತದೆ, ಬಿರುಕು ಓಡಿ ಹೊರಬರುತ್ತದೆ, ದೊಡ್ಡ ಚಕ್ಕೆ ಹಾರುತ್ತದೆ. ಒಂದೇ ಏಟಿಗೆ ಹುಡಿಯೂ ಬರಬಹುದು, ಅಂಗೈಯಗಲದ ಚಕ್ಕೆಯೂ ಬರಬಹುದು. ಒಡೆಯುವುದೆಂದರೆ ಹೊಸ ಮೈ ಹುಟ್ಟಿಸುವುದು. ಹುಡಿಯಲ್ಲಿ ಲೆಕ್ಕವಿಲ್ಲದಷ್ಟು ಹೊಸ ಮೈಗಳಿವೆ, ಚಕ್ಕೆಗೆ ಎರಡೇ.

ಈ ಮಾತನ್ನು ಅಂಕಿಯಲ್ಲಿ ನೋಡಿದಾಗ ನನಗಂತೂ ಬೆರಗಾಯಿತು. ಗ್ರಾನೈಟಿನಲ್ಲಿ ಒಂದು ಚದರ ಮೀಟರ್ ಬಿರುಕು ಹಾಯಿಸಲು ಬೇಕಾದ ಶಕ್ತಿ 50ರಿಂದ 100 ಜೂಲ್ ಆಸುಪಾಸು. ಅಂದರೆ ಒಂದು ಮೀಟರ್ ಉದ್ದ, ಅರ್ಧ ಮೀಟರ್ ದಪ್ಪದ ಬಂಡೆಯನ್ನು ಎರಡು ಹೋಳು ಮಾಡುವ ಬಿರುಕಿಗೆ ನಮ್ಮ ಒಂದು ಕಿಲೋ ಸುತ್ತಿಗೆಯ ಒಂದೆರಡು ಏಟಿನ ಶಕ್ತಿ ಸಾಕು! ಅದೇ ಬಂಡೆಯಲ್ಲಿ ಹೆಬ್ಬೆರಳು ಗಾತ್ರದ ಒಂದು ತೂತು ತೋಡಿ ನೋಡಿ. ಒಂದು ಘನ ಸೆಂಟಿಮೀಟರ್ ಗ್ರಾನೈಟನ್ನು ಹುಡಿಮಾಡಿ ತೆಗೆಯಲು 200 ಜೂಲ್‌ನಷ್ಟು ಬೇಕು. 40 ಘನ ಸೆಂಟಿಮೀಟರಿನ ತೂತಿಗೆ 8,000 ಜೂಲ್, 250 ಏಟು. ಬಂಡೆ ಸೀಳುವುದು ಅಗ್ಗ, ತೂತು ತೋಡುವುದು ದುಬಾರಿ. ಬೆಣೆಯ ವಿದ್ಯೆ ಹುಟ್ಟಿರುವುದು ಈ ವ್ಯತ್ಯಾಸದಲ್ಲೇ: ಆದಷ್ಟು ಕಡಿಮೆ ತೋಡಿ, ಉಳಿದದ್ದನ್ನು ಬಿರುಕಿಗೆ ಬಿಟ್ಟುಬಿಡುವುದು.

ಹಂಪಿಗೆ ಹೋದವರು ಬಂಡೆಗಳ ಅಂಚಿನಲ್ಲಿ ಗೆರೆ ಹೊಡೆದಂತೆ ಸಾಲಾಗಿರುವ ಚೌಕ ಗುಳಿಗಳನ್ನು ಕಂಡಿರುತ್ತಾರೆ. ವಿಜಯನಗರದ ಕಾಲದ ಕಲ್ಲುಕುಟಿಗರು ಬಂಡೆ ಸೀಳಿದ ಗುರುತುಗಳು ಅವು. ಕೆಲವು ಕಡೆ ಗುಳಿ ತೋಡಿ, ಸೀಳದೆ ಬಿಟ್ಟ ಬಂಡೆಗಳೂ ನಿಂತಿವೆ. ಸೀಳಬೇಕಾದ ಗೆರೆಯುದ್ದಕ್ಕೂ ಒಂದೊಂದು ಗೇಣಿಗೆ ಗುಳಿ ತೋಡಿ, ಪ್ರತಿ ಗುಳಿಗೂ ಬೆಣೆ ಇಟ್ಟು, ಒಂದಾದ ಮೇಲೊಂದರಂತೆ ಹೊಡೆಯುತ್ತ ಹೋಗುವುದು ಈಗಿನ ಪದ್ಧತಿಯೂ ಹೌದು. ದುಂಡನೆಯ ತೂತಾದರೆ ಬೆಣೆಯ ಎರಡೂ ಪಕ್ಕಕ್ಕೆ ಕಬ್ಬಿಣದ ಪಟ್ಟಿ ಇಳಿಸುತ್ತಾರೆ.

ಬೆಣೆ ಕೆಳಗಿನ ತಳ್ಳುವಿಕೆಯನ್ನು ಪಕ್ಕದ ತಳ್ಳುವಿಕೆಯಾಗಿ ಮಾಡುತ್ತದೆ. ಪ್ರತಿ ಪಕ್ಕ ಮೂರು ಡಿಗ್ರಿ ಓರೆಯಿರುವ ಬೆಣೆ, ಘರ್ಷಣೆಯೇ ಇಲ್ಲದಿದ್ದರೆ, ಒಂದು ಟನ್ ಏಟನ್ನು ಪಕ್ಕಕ್ಕೆ ಒಂಬತ್ತೂವರೆ ಟನ್ ಮಾಡುತ್ತಿತ್ತು. ಆದರೆ ಉಕ್ಕಿಗೂ ಅದರ ಪಕ್ಕದ ಪಟ್ಟಿಗೂ ಉಜ್ಜಾಟ ಇದ್ದೇ ಇದೆ. ಸಾಧಾರಣ ಘರ್ಷಣೆ ಹಿಡಿದು ಲೆಕ್ಕ ಹಾಕಿದರೆ ಪಕ್ಕಕ್ಕೆ ಸಿಗುವುದು ಎರಡು ಟನ್ ಅಷ್ಟೆ. ಐದರಲ್ಲಿ ನಾಲ್ಕು ಪಾಲು ಉಜ್ಜಾಟಕ್ಕೆ ಹೋಯಿತು. ಬೆಣೆಗೆ ಒಂದಿಷ್ಟು ಎಣ್ಣೆಯೋ ಗ್ರೀಸೋ ಸವರಿದರೆ ಏಟುಗಳು ಗಣನೀಯವಾಗಿ ಉಳಿಯುತ್ತವೆ. ಹಾಗೆಂದು ಘರ್ಷಣೆ ಪೂರಾ ಇಲ್ಲವಾದರೂ ಕೆಲಸ ಕೆಟ್ಟಿತು. ಹೊಡೆದ ಬೆಣೆ ಹಿಂದಕ್ಕೆ ಜಿಗಿಯದೆ ಹಾಗೇ ನಿಲ್ಲುವುದು ಘರ್ಷಣೆಯಿಂದಲೇ. ಅದು ನಿಂತರೆ ಮಾತ್ರ ಒಬ್ಬನೇ ಆಳು ಮೊದಲ ಬೆಣೆಯಿಂದ ಕೊನೆಯ ಬೆಣೆಗೆ ನಡೆದು ಹೋಗಿ, ಮತ್ತೆ ಮೊದಲಿನಿಂದ ಶುರು ಮಾಡಬಹುದು. ಹತ್ತು ಬೆಣೆಗಳಲ್ಲಿ ಕೂಡಿಟ್ಟ ಒತ್ತಡ ಬಂಡೆಯೊಳಗೆ ಬಿಗಿದು ಕುಳಿತಿರುತ್ತದೆ.

ಆಗ ಅನುಭವಸ್ಥರು ಏಟು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಅದು ದಣಿವಾರಿಸಿಕೊಳ್ಳಲು ಮಾತ್ರವಲ್ಲ. ಬೆಣಚಿನ ಹರಳುಗಳಲ್ಲಿ ಎಳೆತಕ್ಕೆ ಸಿಕ್ಕ ಬಿರುಕಿನ ತುದಿಗೆ ಗಾಳಿಯ ತೇವ ತಾಗಿದರೆ, ಅಲ್ಲಿನ ಬೆಸುಗೆಗಳು ನಿಧಾನವಾಗಿ ಕಳಚುತ್ತವೆ. ಬಲ ಹೆಚ್ಚದೆಯೂ ಬಿರುಕು ಕೂದಲು ಕೂದಲಾಗಿ ಬೆಳೆಯುತ್ತದೆ. ಕಾದರೆ ಬಿರುಕು ಗೆರೆಯಲ್ಲೇ ನೇರ ಸಾಗುತ್ತದೆ. ಅವಸರಪಟ್ಟು ಒಂದೇ ಬೆಣೆಗೆ ಬಡಿದರೆ ಬಂಡೆ ಓರೆಯಾಗಿ ಸೀಳಿ ಹಾಳಾಗುತ್ತದೆ. ಬೆಂಗಳೂರಿನ ಸುತ್ತ ಇನ್ನೊಂದು ವಿಧಾನವಿತ್ತು. ಬಂಡೆಯ ಮೇಲೆ ಸೌದೆಯ ಬೆಂಕಿ ಹಾಕಿ, ಅದನ್ನು ಮೆಲ್ಲಗೆ ಮುಂದಕ್ಕೆ ಸರಿಸುತ್ತ, ಮೇಲ್ಪದರು ಹಿಗ್ಗಿ ಕೆಳಗಿನಿಂದ ಬಿಡಿಸಿಕೊಳ್ಳುವ ಹಾಗೆ ಮಾಡುತ್ತಿದ್ದರು. ಎಲ್ಲಿಯವರೆಗೆ ಬಿಟ್ಟಿದೆ ಎಂದು ತಿಳಿಯಲು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಿದ್ದರು. 1895ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದರ ವರ್ಣನೆ ಬಂದಿದೆ.

ಬಳ್ಳಾರಿಯವರಿಗೆ ಈ ವಿದ್ಯೆಯ ಇನ್ನೂ ಹಳೆಯ ಪಾಠಶಾಲೆ ಊರ ಪಕ್ಕದಲ್ಲೇ ಇದೆ. ಸಂಗನಕಲ್ಲು, ಕಪ್ಪಗಲ್ಲು ಊರುಗಳ ನಡುವಿನ ಹಿರೇಗುಡ್ಡದಲ್ಲಿ ಗ್ರಾನೈಟನ್ನು ಸೀಳಿಕೊಂಡು ಕರಿಯ ಡಾಲೆರೈಟ್ ಕಲ್ಲಿನ ಒಂದು ಅಡ್ಡಗೋಡೆ ಹಾಯ್ದಿದೆ. ನವಶಿಲಾಯುಗದ ಜನ, ಕ್ರಿಸ್ತಪೂರ್ವ ಎರಡನೇ ಸಹಸ್ರಮಾನದಲ್ಲಿ, ಅಲ್ಲಿ ಕಲ್ಲುಕೊಡಲಿಗಳನ್ನು ಭಾರಿ ಪ್ರಮಾಣದಲ್ಲಿ ತಯಾರಿಸಿದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಇದನ್ನು ಗುರುತಿಸಿದ. ಬಿ. ಸುಬ್ಬರಾವ್ ಅಲ್ಲಿ ಉತ್ಖನನ ನಡೆಸಿ, 1948ರಲ್ಲಿ ಬಳ್ಳಾರಿಯ ಶಿಲಾಯುಗದ ಬಗ್ಗೆ ಪುಸ್ತಕ ಪ್ರಕಟಿಸಿದರು. ಫೂಟ್ ಮತ್ತು ಸಂಗನಕಲ್ಲಿನ ಹೆಸರು ಹೊತ್ತ ಸಂಗ್ರಹಾಲಯ ಬಳ್ಳಾರಿ ನಗರದಲ್ಲಿದೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ ಎಂದು ಒತ್ತಾಯಿಸಿ ಹೇಳುತ್ತೇನೆ.

ಸುತ್ತ ಇಷ್ಟೊಂದು ಗ್ರಾನೈಟ್ ಇರುವಾಗ ಕೊಡಲಿಗೆ ಡಾಲೆರೈಟೇ ಏಕೆ? ಗ್ರಾನೈಟಿನ ಹರಳು ದಪ್ಪ, ಹರಳಿನ ಅಂಚಿನಲ್ಲೇ ಬಿರುಕು ಓಡುತ್ತದೆ, ತೆಳ್ಳಗೆ ಅಂಚು ಮಾಡಲು ಹೋದರೆ ಉದುರುತ್ತದೆ. ಡಾಲೆರೈಟಿನ ಸಣ್ಣ ಹರಳುಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಏಟನ್ನು ತಾಳಿಕೊಳ್ಳುತ್ತವೆ, ತೂಕವೂ ಗ್ರಾನೈಟಿಗಿಂತ ಹೆಚ್ಚು. ಗುಂಡುಕಲ್ಲನ್ನೇ ಸುತ್ತಿಗೆ ಮಾಡಿಕೊಂಡು ಅಂಚಿಗೆ ಓರೆಯಾಗಿ ಹೊಡೆದು ಮೊದಲು ಚಕ್ಕೆ ಎಬ್ಬಿಸಿದರು. ಇದು ಅಗ್ಗದ ಕೆಲಸ, ಬೇಗ ಆಕಾರ ಬರುತ್ತದೆ. ಆಮೇಲೆ ನೆಟ್ಟಗೆ ಕುಟ್ಟಿ ಉಬ್ಬುಗಳನ್ನು ತಗ್ಗಿಸಿದರು. ಇದು ದುಬಾರಿ, ಆದರೆ ಹಿಡಿತ ಚೆನ್ನಾಗಿ ಸಿಗುತ್ತದೆ. ಕೊನೆಗೆ ಬಂಡೆಯ ಮೇಲೆ ಉಜ್ಜಿದರು. ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ನುಣುಪಾದ ತಗ್ಗುಗಳು ಇಂದಿಗೂ ಇವೆ. ಗ್ರಾನೈಟಿನಲ್ಲಿರುವ ಬೆಣಚು ಡಾಲೆರೈಟಿನ ಹರಳುಗಳಿಗಿಂತ ಗಡುಸಾದ್ದರಿಂದ ಕೊಡಲಿ ಸವೆಯುತ್ತದೆ. ಮೂರು ಹಂತಗಳಲ್ಲಿ ಉಜ್ಜುವುದಕ್ಕೇ ಎಲ್ಲಕ್ಕಿಂತ ಹೆಚ್ಚು ಶ್ರಮ. ಆದರೂ ಉಜ್ಜಿದರು. ಒರಟು ಅಂಚಿನಲ್ಲಿರುವ ಒಂದೊಂದು ಚಕ್ಕೆಗುರುತೂ ಮುಂದೆ ಬಿರುಕು ಹುಟ್ಟುವ ಜಾಗ. ಅದನ್ನು ಅಳಿಸಿದರೆ ಅಂಚು ಬಾಳುತ್ತದೆ. ನುಣುಪಾದ ಕೆನ್ನೆಗಳು ಮರದೊಳಗೆ ಸಲೀಸಾಗಿ ಇಳಿಯುತ್ತವೆ. ಕೊಡಲಿಯೂ ಒಂದು ಬೆಣೆಯೇ ತಾನೆ, ಘರ್ಷಣೆಯ ಲೆಕ್ಕ ಅದಕ್ಕೂ ಸಲ್ಲುತ್ತದೆ.

ಅದೇ ಗುಡ್ಡದ ಕರಿಬಂಡೆಗಳ ಮೇಲೆ ಡುಬ್ಬದ, ಉದ್ದ ಕೊಂಬಿನ ದನಗಳ ಚಿತ್ರಗಳಿವೆ. ಅವನ್ನು ಕೊರೆದಿಲ್ಲ, ಕುಟ್ಟಿ ಮೂಡಿಸಿದ್ದಾರೆ. ನೆಟ್ಟಗಿನ ಏಟಿಗೆ ಮೇಲಿನ ಕರಿಬಣ್ಣದ ಪೊರೆ ಜಜ್ಜಿಹೋಗಿ ತಿಳಿಬಣ್ಣ ಕಾಣುತ್ತದೆ. ಚಕ್ಕೆ ಎಬ್ಬಿಸುವವನು ಬೇಡವೆನ್ನುವ ಏಟು ಚಿತ್ರ ಬರೆಯುವವನಿಗೆ ಬೇಕಾದ ಏಟು. ಅಲ್ಲಿನ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ. ಇದರ ಬಗ್ಗೆ ನಿಕೋಲ್ ಬೊಯ್ವಿನ್ 2004ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಬರೆದ ಮೇಲೆ ಹೊರಜಗತ್ತಿಗೂ ತಿಳಿಯಿತು. ಕೆಳಗಿನ ಕಲ್ಲುಗಳ ಮೇಲೆ ಒಂದೆರಡು ಕಡೆ ಮಾತ್ರ ಆನಿಕೊಂಡ, ಒಳಗೆ ಬಿರುಕಿಲ್ಲದ ಬಂಡೆಗೆ ಏಟು ಬಿದ್ದರೆ ಶಕ್ತಿ ಹೊರಗೆ ಹೋಗಲು ದಾರಿ ಸಿಗದೆ ಬಂಡೆಯನ್ನೇ ಅದುರಿಸುತ್ತದೆ. ಸುತ್ತ ಜಲ್ಲಿಗಾಗಿ ಕ್ವಾರಿ ತೋಡುವ ಯಂತ್ರಗಳು ಈ ಗುಡ್ಡದ ಅಂಚು ತಿಂದಿರುವುದು ನೋವಿನ ಸಂಗತಿ. ಜಲ್ಲಿ ಬೇರೆಡೆ ಸಿಕ್ಕೀತು, ನಾದದ ಆ ಬಂಡೆಗಳು ಸಿಗುವುದಿಲ್ಲ.

ಈ ನಾದವೇ ಕಲ್ಲು ಪರೀಕ್ಷೆಯ ಸಾಧನವೂ ಹೌದು. ಶಿಲ್ಪಿಗಳು ಕಲ್ಲು ಆರಿಸುವಾಗ ತಟ್ಟಿ ಕೇಳುತ್ತಾರೆ. ಖಣಿಲೆಂದರೆ ಗಟ್ಟಿ, ಬೊದ್ದೆಂದರೆ ಒಳಗೆ ಬಿರುಕು. ಬಿರುಕಿನ ಎರಡು ಮುಖಗಳು ಒಂದಕ್ಕೊಂದು ಉಜ್ಜಿ ಅದುರನ್ನು ನುಂಗಿಬಿಡುತ್ತವೆ. ಬೆಣೆ ಹೊಡೆಯುವಾಗಲೂ ಹಾಗೆಯೇ. ಬಿಗಿ ಏರಿದಂತೆ ಏಟಿನ ಸ್ವರ ಏರುತ್ತ ಹೋಗುತ್ತದೆ, ಬಂಡೆ ಬಿಟ್ಟ ಕೂಡಲೇ ಕುಸಿಯುತ್ತದೆ. ಹೊಸದಾಗಿ ಕೆಲಸ ಕಲಿಯುವವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸುತ್ತಿಗೆ ಹಿಡಿಯಬಾರದು ಎನ್ನುವುದಕ್ಕೆ ಸುರಕ್ಷತೆಯ ಜೊತೆಗೆ ಇದೂ ಒಂದು ಕಾರಣ.

ಇನ್ನು ಕೈಗೆ ಮರಳುವ ಪಾಲು. ಉದ್ದನೆಯ ಕೋಲನ್ನು ತುದಿಯಲ್ಲಿ ಹಿಡಿದು ಏನಕ್ಕಾದರೂ ಬಡಿದಾಗ ಅಂಗೈ ಜುಂ ಎನ್ನುವುದು ಎಲ್ಲರ ಅನುಭವ. ಆದರೆ ಹಿಡಿದ ಕಡೆಯಿಂದ ಮೂರನೇ ಎರಡು ಪಾಲು ದೂರದ ಜಾಗ ತಾಗುವಂತೆ ಬಡಿದರೆ ಅಂಗೈಗೆ ಏನೂ ಆಗುವುದಿಲ್ಲ. ಅಲ್ಲಿ ಏಟು ಬಿದ್ದಾಗ ಕೋಲು ಹಿಂದೆ ಸರಿಯಲು ನೋಡುವುದೂ ತಿರುಗಲು ನೋಡುವುದೂ ಹಿಡಿಯ ಕಡೆ ಒಂದನ್ನೊಂದು ರದ್ದು ಮಾಡುತ್ತವೆ. ಸುತ್ತಿಗೆಯಲ್ಲಿ ತೂಕವೆಲ್ಲ ತಲೆಯಲ್ಲೇ ಇರುವುದರಿಂದ ಆ ಜಾಗ ತಲೆಯ ಹತ್ತಿರಕ್ಕೇ ಬಂದಿರುತ್ತದೆ. ಮುಖದ ನಡುಮಧ್ಯಕ್ಕೆ ಏಟು ಬಿದ್ದರೆ ಕೈಗೆ ತಿಳಿಯುವುದೇ ಇಲ್ಲ. ಅಂಚಿಗೆ ಬಿದ್ದರೆ ತಲೆ ತಿರುಚಿ ಹಿಡಿ ಅಂಗೈಯನ್ನು ಒದೆಯುತ್ತದೆ. ಹಿಡಿಗೆ ಜಾಲಿಯಂತಹ ಗಟ್ಟಿ, ಎಳೆ ಸೀದಾ ಇರುವ ಮರ ಒಳ್ಳೆಯದು. ಎಳೆ ಓರೆಯಿದ್ದರೆ ಆ ಓರೆಯಲ್ಲೇ ಸೀಳುತ್ತದೆ. ಬಂಡೆ ಒಡೆಯುವ ಕೆಲವು ಕಡೆ ದೊಡ್ಡ ಸಮ್ಮಟಿಗೆಗೆ ಬಿದಿರಿನ ಬಳುಕುವ ಹಿಡಿ ಹಾಕುತ್ತಾರೆ. ನೋಡಿದವರಿಗೆ ಅದು ದುರ್ಬಲವಾಗಿ ಕಂಡೀತು. ಏಟಿನ ಕ್ಷಣದಲ್ಲಿ ಹಿಡಿಯಿಂದ ತಲೆಗೆ ಏನೂ ಸೇರುವುದಿಲ್ಲ ಎಂದು ಆಗಲೇ ಲೆಕ್ಕ ಹಾಕಿದ್ದೇವಲ್ಲ, ಹಾಗಾಗಿ ಬಳುಕಿದರೆ ನಷ್ಟವಿಲ್ಲ. ಅದುರು ಮಾತ್ರ ಬಿದಿರಿನಲ್ಲೇ ಸಾಯುತ್ತದೆ. ಕಬ್ಬಿಣದ ಪೈಪನ್ನೇ ಬೆಸುಗೆ ಹಾಕಿ ಹಿಡಿ ಮಾಡಿದ ಸುತ್ತಿಗೆಗಳನ್ನು ನಾನು ಒಪ್ಪುವುದಿಲ್ಲ. ಮುರಿಯುವುದಿಲ್ಲ ಎಂಬುದೊಂದೇ ಅವುಗಳ ಗುಣ, ಆದರೆ ಪ್ರತಿ ಏಟಿನ ಅದುರನ್ನೂ ಬೆರಳಿನ ನರಗಳಿಗೆ ತಲುಪಿಸುತ್ತವೆ.

ಹುಡಿಯ ಮಾತು ಬಾಕಿ ಇದೆ. ಅತಿ ಹೆಚ್ಚು ಶಕ್ತಿ ತಿಂದು ಹುಟ್ಟಿದ, ಕಣ್ಣಿಗೆ ಕಾಣದಷ್ಟು ಸಣ್ಣ ಬೆಣಚಿನ ಕಣವೇ ಶ್ವಾಸಕೋಶದ ತಳಕ್ಕೆ ಇಳಿದು ಸಿಲಿಕೋಸಿಸ್ ತರುವುದು. ಅದಕ್ಕೆ ಮದ್ದಿಲ್ಲ. ಮೊಂಡ ಉಳಿ ಹುಡಿ ಹೆಚ್ಚು ಎಬ್ಬಿಸುತ್ತದೆ, ಹರಿತವಾದದ್ದು ಚಕ್ಕೆ ಹೆಚ್ಚು ಎಬ್ಬಿಸುತ್ತದೆ, ಹಾಗಾಗಿ ಮೊನೆ ಹದವಾಗಿಟ್ಟುಕೊಂಡರೆ ಎದೆಗೂ ಒಳ್ಳೆಯದು. ಮೂಗಿಗೆ ಟವೆಲ್ ಕಟ್ಟಿದರೆ ಸಾಲದು, ಅಪಾಯದ ಕಣಗಳು ನೇಯ್ಗೆಯ ಸಂದಿಗಿಂತ ಬಹಳ ಸಣ್ಣವು. ಎನ್-95 ಮಾಸ್ಕ್, ಕಣ್ಣಿಗೆ ಕನ್ನಡಕ, ಕೆತ್ತುವ ಜಾಗಕ್ಕೆ ಆಗಾಗ ನೀರು ಚಿಮುಕಿಸುವುದು, ಗಾಳಿ ಬೀಸುವ ಕಡೆಗೆ ಬೆನ್ನು ಕೊಡದೆ ಪಕ್ಕಕ್ಕೆ ಕೂರುವುದು: ಇಷ್ಟು ಬೇಕೇ ಬೇಕು. ಬೆನ್ನಿಗೆ ಗಾಳಿ ಬಂದರೆ ಎದೆಯ ಮುಂದೆ ಸುಳಿ ಏಳುತ್ತದೆ, ಹುಡಿ ಆ ಸುಳಿಯಲ್ಲಿ ಸಿಕ್ಕಿ ಮೂಗಿನ ಮಟ್ಟಕ್ಕೇ ಬರುತ್ತದೆ. ಪಕ್ಕದಿಂದ ಬಂದ ಗಾಳಿ ಅದನ್ನು ಹೊತ್ತೊಯ್ಯುತ್ತದೆ.